ಸಹಿ ನನ್ನದು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಹತ್ತನೇ ತರಗತಿಗೆ ಸಂತಾನೋತ್ಪತ್ತಿಯ ಪಾಠವಿದೆ. ದಾಸವಾಳದ ಹೂವು ಸೀಳಿ ಕೇಸರ, ಅಂಡಾಶಯ ತೋರಿಸುವವರೆಗೆ ನನಗೆ ಭಾರೀ ಹುರುಪು. ಮನುಷ್ಯರ ಭಾಗ ಬಂತೋ, ‘ಇದನ್ನ ಮನೇಲಿ ಓದ್ಕೊಳ್ರಪ್ಪ, ಪರೀಕ್ಷೆಗೆ ಚಿತ್ರ ಬರುತ್ತೆ, ಭಾಗ ಗುರುತಿಸೋದು ಕಲ್ತಿರಿ’ ಎಂದು ಮುಂದಿನ ಪಾಠಕ್ಕೆ ಹಾರುತ್ತಿದ್ದೆ. ಹುಡುಗಿಯರು ತಲೆ ತಗ್ಗಿಸುತ್ತಾರೆ, ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಾರೆ, ನನಗೂ ಕತ್ತಿನ ಹಿಂದೆ ಬೆವರುತ್ತದೆ. ಇಷ್ಟೆಲ್ಲ ಯಾಕೆ ಬೇಕು? ಈ ಸಂಕೋಚದಿಂದ ಯಾರ ಗಂಟೂ ಹೋಗುವುದಿಲ್ಲ ಎಂದುಕೊಂಡಿದ್ದೆ. ಹೋಯಿತು. ಹೋದದ್ದು ನನ್ನ ತಮ್ಮನದು.

ನಮ್ಮದು ತಿಪಟೂರು ಸೀಮೆ. ಅಪ್ಪನಿಗೆ ತೆಂಗಿನ ತೋಟ, ಡೈರಿಗೆ ಹಾಲು ಹಾಕುವಷ್ಟು ಹಸು. ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಅವನ ಸ್ಕೂಲು ಫೀಸಿನಿಂದ ಹಿಡಿದು ಸಿಇಟಿ ಕೌನ್ಸೆಲಿಂಗ್‌ವರೆಗೆ ಎಲ್ಲಕ್ಕೂ ಓಡಾಡಿದವನು ನಾನೇ. 2016ರಲ್ಲಿ ಅವನಿಗೆ 24. ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ, ಕಂತಿನ ಮೇಲೆ ಕೊಂಡ ಬೈಕು. ಕುತ್ತಿಗೆಯ ಎಡಗಡೆ ಗಡ್ಡೆಯೊಂದು ಎದ್ದಿತ್ತು, ನೋವಿಲ್ಲ. ಸಂಜೆಯಾದರೆ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು, ಮೈಯೆಲ್ಲ ತುರಿಕೆ. ನಮ್ಮ ಕಡೆ ಕುತ್ತಿಗೆಯ ಗಡ್ಡೆ ಎಂದರೆ ವೈದ್ಯರಿಗೆ ಮೊದಲು ಹೊಳೆಯುವುದು ಟಿಬಿ. ಅವರನ್ನು ದೂರುವಂತಿಲ್ಲ, ಬಹಳ ಸಲ ಅದೇ ಇರುತ್ತದೋ ಏನೋ. ಸೂಜಿ ಚುಚ್ಚಿ ತೆಗೆದ ಮಾದರಿಯಲ್ಲಿ ಏನೂ ಸ್ಪಷ್ಟವಾಗಲಿಲ್ಲ, ಟಿಬಿ ಮಾತ್ರೆ ಶುರುವಾಯಿತು. ತಿಂಗಳುಗಳು ಕಳೆದರೂ ಗಡ್ಡೆ ಕರಗಲಿಲ್ಲ. ಕೊನೆಗೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಇಡೀ ಗಡ್ಡೆಯನ್ನೇ ತೆಗೆದು ಪರೀಕ್ಷೆಗೆ ಕಳಿಸಿದಾಗ ಹಾಜ್‌ಕಿನ್ ಲಿಂಫೋಮಾ ಎಂದು ಗೊತ್ತಾಯಿತು.

1832ರಲ್ಲಿ ಲಂಡನ್ನಿನ ಥಾಮಸ್ ಹಾಜ್‌ಕಿನ್ ಎಂಬ ವೈದ್ಯ ಬರೆದಿಟ್ಟ ಕಾಯಿಲೆ ಇದು. ಮುದುಕರನ್ನು ಕಾಯುತ್ತ ಕೂರುವಂಥದ್ದಲ್ಲ. ಇಪ್ಪತ್ತು ಮೂವತ್ತರ ವಯಸ್ಸಿನವರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಒಳ್ಳೆಯ ಸಂಗತಿಯೆಂದರೆ ಬಹುಪಾಲು ಜನರಲ್ಲಿ ವಾಸಿಯಾಗುತ್ತದೆ. ಎಪ್ಪತ್ತರ ದಶಕದಲ್ಲಿ ಇಟಲಿಯ ಮಿಲಾನಿನಲ್ಲಿ ಬೊನಡೊನ್ನ ಎಂಬ ವೈದ್ಯರು ಹೊಂದಿಸಿದ ನಾಲ್ಕು ಔಷಧಗಳ ಜೋಡಣೆಯನ್ನೇ ತಮ್ಮನಿಗೂ ಹದಿನೈದು ದಿನಕ್ಕೊಮ್ಮೆ ಕೊಟ್ಟರು. ನಾಲ್ಕರಲ್ಲಿ ಒಂದಾದ ವಿನ್‌ಬ್ಲಾಸ್ಟಿನ್ ಮೊದಲು ಸಿಕ್ಕಿದ್ದು ನಿತ್ಯಪುಷ್ಪದ ಗಿಡದಲ್ಲಿ. ಅದನ್ನು ಹೇಳಿದ್ದೇ ತಪ್ಪಾಯಿತು. ಅಮ್ಮ ಹಿತ್ತಲಿನ ನಿತ್ಯಪುಷ್ಪವನ್ನು ದೇವರಿಗೆ ಏರಿಸುವುದು ಬಿಟ್ಟು ಎಲೆ ಅರೆದು ಕುಡಿಸಲು ಹೊರಟಳು. ಅದರಿಂದ ವಿಷವೇರುತ್ತದೆ ಎಂದು ತಡೆಯುವಷ್ಟರಲ್ಲಿ ಸಾಕಾಯಿತು.

ನೆಂಟರಿಗೆ ಏನು ಹೇಳಬೇಕು ಎಂಬುದನ್ನೂ ನಾನೇ ತೀರ್ಮಾನಿಸಿದೆ. ಟಿಬಿ ಎಂದಾಗ ‘ಯಾರಿಗೂ ಹೇಳಬೇಡ್ರಪ್ಪ’ ಎನ್ನುತ್ತಿದ್ದ ಅಮ್ಮ ಈಗ ಕೇಳಿದವರಿಗೆಲ್ಲ ಟಿಬಿ ಎಂದೇ ಹೇಳತೊಡಗಿದಳು. ಮುಂದೆ ಹೆಣ್ಣು ಹುಡುಕಬೇಕಲ್ಲ.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಕೀಮೋ ಶುರುವಾಗುವ ಮುಂಚೆ ತಮ್ಮನನ್ನು ಹೃದಯದ ಎಕೋ ಪರೀಕ್ಷೆಗೆ ಕಳಿಸಿದ್ದರು. ಡಾಕ್ಟರ ಕೋಣೆಯಲ್ಲಿ ಇದ್ದದ್ದು ನಾನು ಮತ್ತು ಅಪ್ಪ. ಡಾಕ್ಟರು ನಿಧಾನವಾಗಿ ಮಾತಾಡುವ ಹೆಂಗಸು. ಈ ಔಷಧಗಳಿಂದ ಮಕ್ಕಳಾಗದಂತೆ ಆಗುವುದು ಅಪರೂಪ, ಆದರೆ ಕಾಯಿಲೆ ತಿರುಗಿ ಬಂದರೆ ಕೊಡುವ ಔಷಧಗಳು ಬೇರೆ, ಅವು ವೀರ್ಯ ಹುಟ್ಟುವ ಜೀವಕೋಶಗಳನ್ನೇ ಸುಟ್ಟುಬಿಡಬಹುದು, ಹಾಗಾಗಿ ಈಗಲೇ ವೀರ್ಯ ತೆಗೆದು ಶೈತ್ಯದಲ್ಲಿ ಇಟ್ಟರೆ ಒಳ್ಳೆಯದು ಎಂದರು. ಎರಡು ಮೂರು ದಿನದ ಕೆಲಸ. ಇಡುವುದಕ್ಕೆ ವರ್ಷಕ್ಕೆ ಕೆಲವು ಸಾವಿರ ಬಾಡಿಗೆ. ‘ಹುಡುಗ ಬರಲಿ, ನಾನೇ ಮಾತಾಡ್ತೀನಿ’ ಎಂದರು.

ಅಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ನಾನು ಹೇಳಿದೆ: ‘ಬೇಡ ಮೇಡಂ. ಮೊದಲು ಹುಡುಗ ಬದುಕ್ಲಿ. ಅವನ ಹತ್ರ ಈ ಮಾತು ತೆಗೀಲೇಬೇಡಿ, ಹೆದರಿಬಿಡ್ತಾನೆ.’

ಅವರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಬೇಡ ಎಂದೆ. ಕಿರಿಯ ವೈದ್ಯರೊಬ್ಬರು ಕೇಸ್ ಶೀಟಿನಲ್ಲಿ ಏನೋ ಬರೆದು ನನ್ನ ಕಡೆ ತಿರುಗಿಸಿದರು. ಸಹಿ ಹಾಕಿದೆ.

ಕಾನೂನಿನ ಪ್ರಕಾರ ಹದಿನೆಂಟು ದಾಟಿದವನ ಒಪ್ಪಿಗೆಯನ್ನು ಅವನೇ ಕೊಡಬೇಕು. ಆದರೆ ನಮ್ಮ ಆಸ್ಪತ್ರೆಗಳಲ್ಲಿ ‘ಪೇಷಂಟ್ ಕಡೆಯವರು’ ಎಂಬ ಒಂದು ಜಾತಿಯಿದೆ. ಕೂಗಿದಾಗ ಓಡುವವರು, ಔಷಧಿ ಚೀಟಿ ಹಿಡಿಯುವವರು, ದುಡ್ಡು ಕಟ್ಟುವವರು, ಸಹಿ ಹಾಕುವವರು ಅವರೇ. ಆ ಓಡಾಟದಲ್ಲಿ ಒಂದು ಗತ್ತು ಬಂದುಬಿಡುತ್ತದೆ. ನನಗೂ ಬಂದಿತ್ತು.

ಆವತ್ತು ಬೇಡ ಎಂದದ್ದಕ್ಕೆ ಬಹಳ ವರ್ಷ ನಾನು ಕೊಟ್ಟುಕೊಂಡ ಕಾರಣ, ಜೀವ ಮುಖ್ಯವಾಗಿತ್ತು, ಸಮಯ ಇರಲಿಲ್ಲ ಎಂಬುದು. ಸುಳ್ಳು. ವಿಮೆಯ ಒಪ್ಪಿಗೆ ಬರಲೆಂದು ಆಮೇಲೆ ಒಂದು ವಾರ ಸುಮ್ಮನೆ ಕಾದಿದ್ದೆವು. ನಿಜವಾದ ಕಾರಣ ಇಷ್ಟು: ತಮ್ಮನ ಕೈಗೆ ಒಂದು ಡಬ್ಬಿ ಕೊಟ್ಟು ಅವನನ್ನು ಆ ಕೋಣೆಯೊಳಗೆ ಕಳಿಸಿ ನಾನು ಹೊರಗೆ ಬೆಂಚಿನ ಮೇಲೆ ಕಾಯುವುದನ್ನು ನೆನೆದೇ ನನಗೆ ಮುಖ ಬಿಸಿಯಾಗಿತ್ತು. ಅಪ್ಪನ ಮುಂದೆ ಆ ಪದ ಇನ್ನೊಂದು ಸಲ ಬರದಿದ್ದರೆ ಸಾಕು ಎನಿಸಿತ್ತು.

ವಿಚಿತ್ರ ನೋಡಿ, ನಮ್ಮ ಮನೆಯಲ್ಲಿ ಆ ಪದಕ್ಕೆ ಬರವೇ ಇರಲಿಲ್ಲ. ಹಸು ಬೆದೆಗೆ ಬಂತೆಂದರೆ ಅಪ್ಪ ಡೈರಿಯ ಡಾಕ್ಟರಿಗೆ ಫೋನ್ ಮಾಡುತ್ತಿದ್ದರು. ಬೈಕಿನ ಹಿಂದೆ ದ್ರವ ಸಾರಜನಕದ ಕ್ಯಾನು ಕಟ್ಟಿಕೊಂಡು ಅವರು ಬರುವರು. ಮುಚ್ಚಳ ತೆಗೆದರೆ ಬಿಳಿ ಹೊಗೆ. ‘ಹೋದ್ಸಲ ಜರ್ಸಿ ಹಾಕಿದ್ರಿ, ಈ ಸಲ ಎಚ್‌ಎಫ್ ಹಾಕಿ’ ಎಂದು ಅಪ್ಪ ಅಂಗಳದಲ್ಲಿ, ಅಮ್ಮನ ಎದುರಿಗೇ, ನನ್ನ ಹೆಂಡತಿ ಕಾಫಿ ತಂದು ಕೊಡುವಾಗಲೇ, ಚೌಕಾಸಿ ಮಾಡುವರು. ನಮ್ಮ ರಾಜ್ಯದ ಹೆಸರಘಟ್ಟದಲ್ಲಿ ಹೋರಿಗಳ ವೀರ್ಯವನ್ನು ಘನೀಕರಿಸುವ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ. ಕೊಟ್ಟಿಗೆಗೆ ಬಂದ ವಿಜ್ಞಾನವನ್ನು ನಡುಮನೆಗೆ ಬಿಟ್ಟುಕೊಳ್ಳಲು ವಿಜ್ಞಾನದ ಮೇಷ್ಟ್ರ ಕೈಲಿ ಆಗಲಿಲ್ಲ.

ಆ ರಾತ್ರಿ ಹೆಂಡತಿಗೆ ಹೇಳಿದೆ. ‘ನೀವು ಬೇಡ ಅಂದ್ರಿ, ಸರಿ. ಅವನನ್ನ ಕೇಳಿದ್ರಾ?’ ಎಂದಳು. ಮಲಗು ಎಂದೆ.

ಕಾಯಿಲೆ ಅಷ್ಟರಲ್ಲೇ ಅವನನ್ನು ಇಪ್ಪತ್ತನಾಲ್ಕರಿಂದ ಹದಿನಾಲ್ಕಕ್ಕೆ ಇಳಿಸಿತ್ತು. ಎಟಿಎಂ ಕಾರ್ಡು ನನ್ನ ಬಳಿ ಬಂತು. ಫೈಲು ನನ್ನ ಬ್ಯಾಗಿನಲ್ಲಿ. ಸೋಂಕಿನ ಭಯಕ್ಕೆ ಗೆಳೆಯರನ್ನು ಬರಬೇಡಿ ಎಂದೆ. ಆಫೀಸಿನ ಹುಡುಗಿಯೊಬ್ಬಳು ಪದೇ ಪದೇ ಫೋನ್ ಮಾಡುತ್ತಿದ್ದಾಗ ‘ಮಲಗಿದ್ದಾನೆ’ ಎಂದು ನಾನೇ ಇಟ್ಟೆ. ಅಮ್ಮ ತುತ್ತು ಕಲಸಿ ತಿನ್ನಿಸುತ್ತಿದ್ದಳು. ಎಲ್ಲವೂ ಪ್ರೀತಿಯೇ, ಅದನ್ನು ಇಲ್ಲ ಎನ್ನಲಾರೆ. ಆದರೆ ಅದರಲ್ಲಿ ಅವನ ಪಾಲಿಗೆ ಉಳಿದಿದ್ದು ಬಾಯಿ ತೆರೆಯುವುದು, ಕೈ ಚಾಚುವುದು ಅಷ್ಟೇ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 15ರಿಂದ 39 ವರ್ಷದವರನ್ನು ಬೇರೆಯೇ ಗುಂಪೆಂದು ಎಣಿಸುತ್ತದೆ ಎಂದು ಬಹಳ ತಡವಾಗಿ ಓದಿದೆ. ಮಕ್ಕಳ ವಾರ್ಡಿನಲ್ಲೂ ಸಲ್ಲದ, ಅರವತ್ತು ದಾಟಿದವರ ನಡುವೆಯೂ ಸಲ್ಲದ ವಯಸ್ಸು. ಮೊದಲ ಸಂಬಳ, ಮೊದಲ ಪ್ರೀತಿ, ಮನೆ ಬಿಟ್ಟು ನಿಲ್ಲುವುದು ಇವೆಲ್ಲ ಆಗುತ್ತಿರುವಾಗಲೇ ಬರುವ ರೋಗ, ಮತ್ತೆ ಮನೆಗೆ ತಂದು ಅಮ್ಮನ ಕೋಣೆಯಲ್ಲಿ ಮಲಗಿಸುತ್ತದೆ.

ಕೀಮೋ ಮುಗಿಯಿತು, ಪೆಟ್ ಸ್ಕ್ಯಾನ್ ಶುದ್ಧವಾಗಿ ಬಂತು. ಬೀದಿಗೆಲ್ಲ ಮೈಸೂರುಪಾಕು ಹಂಚಿದೆ, ‘ಟಿಬಿ ವಾಸಿಯಾಯ್ತು’ ಎಂದು. ತಮ್ಮನಿಗೆ ಹೇಳಿದ್ದು: ‘ಮುಗೀತು ಕಣೋ. ಇನ್ನು ಇದನ್ನ ಮರೆತುಬಿಡು.’ ಎಲ್ಲರ ಬಾಯಲ್ಲೂ ಯುವರಾಜ್ ಸಿಂಗ್. 2011ರ ವಿಶ್ವಕಪ್‌ನ ಸರಣಿಶ್ರೇಷ್ಠ, 2012ರಲ್ಲಿ ಅಮೆರಿಕದಲ್ಲಿ ಕೀಮೋ, ಅದೇ ಸೆಪ್ಟೆಂಬರಿನಲ್ಲಿ ಮತ್ತೆ ಭಾರತದ ಅಂಗಿ. ನಾನೂ ಅದನ್ನೇ ಹೇಳಿದೆ. ತಮ್ಮ ಒಮ್ಮೆ ರೇಗಿದ: ‘ಅವರು ಸಿಕ್ಸರ್ ಹೊಡೀತಾರೆ ಕಣಣ್ಣ. ನನಗೆ ಆಫೀಸಿನ ಎರಡನೇ ಮಹಡಿ ಹತ್ತೋಕೆ ಆಗ್ತಿಲ್ಲ. ಏನ್ ಮಾಡ್ಲಿ?’ ಸೋಮಾರಿತನ ಇರಬೇಕು ಎಂದುಕೊಂಡೆ. ಕೀಮೋದ ದಣಿವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ ಎಂಬುದನ್ನು ಕೇಳಿ ತಿಳಿದುಕೊಳ್ಳುವ ವ್ಯವಧಾನ ನನಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ತಪಾಸಣೆಯ ದಿನ ಹತ್ತಿರ ಬಂದಂತೆ ಅವನು ಊಟ ಬಿಡುತ್ತಿದ್ದ. ಕನ್ನಡಿಯ ಮುಂದೆ ನಿಂತು ಕುತ್ತಿಗೆ ಸವರಿಕೊಳ್ಳುತ್ತಿದ್ದ. ಅಮ್ಮ ಅವನ ಒಂದೊಂದು ಕೆಮ್ಮನ್ನೂ ಎಣಿಸುತ್ತಿದ್ದಳು.

ಫಿಟ್ಜ್‌ಹ್ಯೂ ಮುಲ್ಲನ್ ಎಂಬ ಅಮೆರಿಕದ ವೈದ್ಯ ಮೂವತ್ತೆರಡನೆಯ ವಯಸ್ಸಿನಲ್ಲಿ ಸ್ವತಃ ಕ್ಯಾನ್ಸರಿಗೆ ಸಿಕ್ಕಿ ಪಾರಾದವರು. 1985ರಲ್ಲಿ ಅವರು ಬರೆದ ಲೇಖನದಲ್ಲಿ, ವಾಸಿಯಾಯಿತು ಎಂಬ ಒಂದೇ ಗೆರೆ ಎಳೆದು ರೋಗಿಗಳನ್ನು ಆಚೆ ಈಚೆ ನಿಲ್ಲಿಸುವುದು ತಪ್ಪು ಎಂದು ವಾದಿಸಿದ್ದಾರೆ. ಬದುಕುಳಿಯುವುದು ರೋಗ ಪತ್ತೆಯಾದ ದಿನದಿಂದಲೇ ಶುರು, ಅದಕ್ಕೆ ಬೇರೆ ಬೇರೆ ಋತುಗಳಿವೆ ಎನ್ನುತ್ತಾರೆ. ಮುಳುಗುವವರನ್ನು ನೀರಿನಿಂದ ಎಳೆಯುವುದು ನಮಗೆ ಚೆನ್ನಾಗಿ ಬರುತ್ತದೆ, ಎಳೆದು ದಡಕ್ಕೆ ಹಾಕಿ ಕೆಮ್ಮುತ್ತಿರುವಾಗಲೇ ಬಿಟ್ಟು ಹೋಗುತ್ತೇವೆ ಎಂಬುದು ಅವರ ದೂರು. ದಡದಲ್ಲಿ ನಿಂತು ಮೈಸೂರುಪಾಕು ಹಂಚಿದವನು ನಾನು.

2018ರಲ್ಲಿ ತಿರುಗಿ ಬಂತು. ಈ ಸಲ ಎದೆಯೊಳಗೆ. ಡಾಕ್ಟರು ಅಂದೇ ಹೇಳಿದ್ದ ಆ ಬೇರೆ ಔಷಧಗಳು ಬಂದವು. ರೋಗ ತಗ್ಗಿದ ಮೇಲೆ ಅವನದೇ ಆಕರಕೋಶಗಳನ್ನು ರಕ್ತದಿಂದ ಸೋಸಿ ತೆಗೆದು, ಅತಿ ಹೆಚ್ಚು ಪ್ರಮಾಣದ ಕೀಮೋ ಕೊಟ್ಟು, ತೆಗೆದಿಟ್ಟ ಕೋಶಗಳನ್ನು ಮರಳಿ ಕೊಡುವ ಕಸಿ. ಮಜ್ಜೆಯನ್ನು ಬರಿದು ಮಾಡುವ ಆ ಔಷಧಗಳಲ್ಲಿ ಮೆಲ್ಫಲಾನ್‌ನಂಥವು ವೀರ್ಯೋತ್ಪತ್ತಿಯನ್ನೂ ಉಳಿಸುವುದು ಕಷ್ಟ. ಹಾಗೆ ತೆಗೆದ ಆಕರಕೋಶಗಳನ್ನು ಇಟ್ಟದ್ದು ದ್ರವ ಸಾರಜನಕದಲ್ಲೇ. ಅದರ ಉಷ್ಣಾಂಶ ಮೈನಸ್ 196 ಡಿಗ್ರಿ ಎಂದು ನಾನು ಎಷ್ಟು ತಂಡಗಳಿಗೆ ಹೇಳಿಕೊಟ್ಟಿಲ್ಲ! ಆಗಲೂ ನನಗೆ ಹಳೆಯ ಮಾತು ನೆನಪಾಗಲಿಲ್ಲ. ಆಯಿತು, ನೆನಪಾಯಿತು, ಈಗ ಬೇಡ ಎಂದು ಅದನ್ನು ಅದುಮಿದೆ. ಈ ಸಲ ಒಪ್ಪಿಗೆಯ ಕಾಗದಕ್ಕೆ ತಮ್ಮನೇ ಸಹಿ ಹಾಕಿದ. ಇಂಗ್ಲಿಷಿನಲ್ಲಿ ಅಚ್ಚಾದ ಅಡ್ಡಪರಿಣಾಮಗಳ ಉದ್ದನೆಯ ಪಟ್ಟಿಯಲ್ಲಿ ಆ ಒಂದು ಸಾಲೂ ಇತ್ತು. ಮೈಯಲ್ಲಿ ಜ್ವರ, ಬೆರಳು ತೋರಿಸಿದ ಕಡೆಯೆಲ್ಲ ಹೆಸರು ಬರೆದ. ವೈದ್ಯರ ತಂಡ ಹೊಸದು. ಈ ವಿಷಯ ಹಿಂದೆಯೇ ಮಾತಾಡಿ ಮುಗಿದಿದೆ ಎಂದು ಫೈಲು ಹೇಳುತ್ತಿತ್ತು.

ಕಸಿಯಾದ ಮೇಲೆ ಹುಟ್ಟಿನಿಂದ ಹಾಕಿಸಿದ ಲಸಿಕೆಗಳ ಬಲವೆಲ್ಲ ಹೋಗಿರುತ್ತದಂತೆ. ಮೊದಲಿನಿಂದ ಹಾಕಿಸಬೇಕು. ಇಪ್ಪತ್ತೇಳರ ಗಡ್ಡಧಾರಿ ಕೈಗೂಸುಗಳ ತಾಯಂದಿರ ಸಾಲಿನಲ್ಲಿ ಕೂತು ಧನುರ್ವಾಯು, ನಾಯಿಕೆಮ್ಮು, ಪೋಲಿಯೊ ಚುಚ್ಚಿಸಿಕೊಂಡ. ಅದನ್ನು ಈಗಲೂ ನಗುತ್ತ ಹೇಳುತ್ತಾನೆ. ಉಳಿದದ್ದಕ್ಕೆ ನಗುವುದಿಲ್ಲ. ಮೊದಲು ಕೊಟ್ಟ ನಾಲ್ಕು ಔಷಧಗಳಲ್ಲಿದ್ದ ಕೆಂಪು ಬಣ್ಣದ್ದು ಹೃದಯಕ್ಕೆ ಏನು ಮಾಡಿದೆಯೋ ಎಂದು ಆಗಾಗ ಎಕೋ. ಆ ನಾಲ್ಕರಲ್ಲೇ ಇನ್ನೊಂದಾದ ಬ್ಲಿಯೊಮೈಸಿನ್ ತೆಗೆದುಕೊಂಡವನಾದ್ದರಿಂದ ಯಾವಾಗ ಯಾವ ಶಸ್ತ್ರಚಿಕಿತ್ಸೆಯಾದರೂ ಅರಿವಳಿಕೆಯ ವೈದ್ಯರಿಗೆ ಮೊದಲೇ ಹೇಳಬೇಕು, ಹೆಚ್ಚು ಆಮ್ಲಜನಕ ಶ್ವಾಸಕೋಶಕ್ಕೆ ಕುತ್ತಾದೀತು. ಕೆಲಸದ ಸಂದರ್ಶನಗಳಲ್ಲಿ ‘ಈ ಎರಡು ವರ್ಷ ಏನ್ ಮಾಡ್ತಿದ್ರಿ’ ಎಂಬ ಪ್ರಶ್ನೆ. ಜೀವವಿಮೆಗೆ ಅರ್ಜಿ ಹಾಕಿದರೆ ನಯವಾದ ನಿರಾಕರಣೆ. ಫ್ರಾನ್ಸಿನಲ್ಲಿ ಇದಕ್ಕೊಂದು ಕಾನೂನಿದೆ, ಚಿಕಿತ್ಸೆ ಮುಗಿದು ಕಾಯಿಲೆ ಮರುಕಳಿಸದೆ ಇಷ್ಟು ವರ್ಷ ಕಳೆದರೆ ಸಾಲದ ವಿಮೆಗೆ ಆ ಹಳೆಯ ಕ್ಯಾನ್ಸರನ್ನು ಹೇಳಬೇಕಾಗಿಯೇ ಇಲ್ಲ. 2016ರಲ್ಲಿ ಹತ್ತು ವರ್ಷವಿದ್ದ ಮಿತಿಯನ್ನು 2022ರಲ್ಲಿ ಐದಕ್ಕೆ ಇಳಿಸಿದರು. ಇದನ್ನು ಹುಡುಕಿ ನನಗೆ ಕಳಿಸಿದವನೂ ಅವನೇ.

ಮನೆಯಲ್ಲಿ ಖರ್ಚಾದದ್ದು ದುಡ್ಡೊಂದೇ ಅಲ್ಲ. ಅಪ್ಪ ತೋಟದ ಮೇಲೆ ಸಾಲ ತೆಗೆದರು, ಹೆಂಡತಿಯ ಬಳೆ ಬ್ಯಾಂಕಿಗೆ ಹೋದವು, ಇವೆಲ್ಲ ಹೇಗೋ ತೀರುತ್ತವೆ. ನನ್ನ ಮಗಳು ಆಗ ಒಂದನೇ ತರಗತಿ. ಅವಳ ಅಪ್ಪ ಅಮ್ಮ ಇಬ್ಬರೂ ಬೆಂಗಳೂರಿನಲ್ಲಿ, ಅವಳು ಅಜ್ಜಿಯ ಊರಿನಲ್ಲಿ. ಈಗಲೂ ನಾನು ಬ್ಯಾಗಿಗೆ ಟವೆಲ್ ಹಾಕಿದರೆ ‘ಯಾರಿಗೆ ಹುಷಾರಿಲ್ಲ?’ ಎನ್ನುತ್ತಾಳೆ.

2021ರ ಹೊತ್ತಿಗೆ ಮನೆಯಲ್ಲಿ ಹೆಣ್ಣು ನೋಡುವ ಮಾತು. ಕಾಯಿಲೆಯ ವಿಷಯ ಹೇಳುವುದು ಬೇಡ ಎಂದವನು ಮತ್ತೆ ನಾನೇ. ಯಾವಾಗಲೋ ಟಿಬಿ ಆಗಿತ್ತು ಎಂದರಾಯಿತು. ತಮ್ಮ ಆ ಸಲ ದನಿ ಎತ್ತಲಿಲ್ಲ, ‘ಅಣ್ಣ, ಫೈಲ್ ಕೊಡು’ ಎಂದ. ಮದುವೆಯಾಗುವವಳು ಯಾರೇ ಆಗಲಿ, ಮೊದಲ ಭೇಟಿಯಲ್ಲೇ ಎಲ್ಲ ಕಾಗದ ಮುಂದಿಡುತ್ತೇನೆ, ಅವಳೇ ಓದಿ ನಿರ್ಧರಿಸಲಿ ಎಂದ. ಕೊಡದೆ ಬೇರೆ ದಾರಿ ಇರಲಿಲ್ಲ. ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಕೂತು ಒಂದೊಂದೇ ಹಾಳೆ ಜೋಡಿಸುತ್ತಿದ್ದವನು ಒಂದು ಹಾಳೆ ಹಿಡಿದು ಒಳಗೆ ಬಂದ. ವೀರ್ಯ ಸಂಗ್ರಹದ ಬಗ್ಗೆ ತಿಳಿಸಲಾಗಿದೆ, ಕುಟುಂಬದವರು ನಿರಾಕರಿಸಿದ್ದಾರೆ, ಎಂದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ನನ್ನ ಹೆಸರು.

‘ಈ ಸಹಿ ನಿಂದೇನಾ?’

ಹೌದು ಎಂದೆ.

‘ನಾನೆಲ್ಲಿದ್ದೆ ಆಗ?’

‘ಎಕೋಗೆ ಹೋಗಿದ್ದೆ.’

‘ವಾಪಸ್ ಬಂದ್ನಲ್ಲ, ಅಣ್ಣ.’

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ. ಆ ವಾರವೇ ಅವನು ಪರೀಕ್ಷೆ ಮಾಡಿಸಿಕೊಂಡ. ವರದಿಯಲ್ಲಿ ಸೊನ್ನೆ. ಕಸಿಯಾಗಿ ವರ್ಷಗಳಾದ ಮೇಲೂ ಕೆಲವರಲ್ಲಿ ವೀರ್ಯ ಮರಳಬಹುದು ಎಂದು ಇನ್ನೊಂದು ಸಲ ಮಾಡಿಸಿದರು. ಅದರಲ್ಲೂ ಅಷ್ಟೇ. ಆಮೇಲೆ ಅವನು ಹಬ್ಬಗಳಿಗೆ ಮನೆಗೆ ಬರಲಿಲ್ಲ. ಅಮ್ಮನಿಗೆ ಫೋನ್ ಮಾಡುತ್ತಿದ್ದ, ಅತ್ತಿಗೆಗೆ ಮಾಡುತ್ತಿದ್ದ. ಅಮ್ಮ ಕಾರಣ ಕೇಳಿದಾಗ ‘ಆಫೀಸಿನ ಕೆಲಸವಂತೆ’ ಎಂದು ನಾನು ಹೇಳಿದ್ದನ್ನು ಕೇಳಿಸಿಕೊಂಡ ಹೆಂಡತಿ, ‘ಇನ್ನೂ ಎಷ್ಟು ಟಿಬಿ ಹೇಳ್ತೀರಿ?’ ಎಂದಳು. ಆ ಸಂಜೆ ಅಮ್ಮನನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ, ಅಳಲೂ ಇಲ್ಲ. ‘ನಿನ್ನ ಮದುವೇಲೂ ನಾವು ನಿನ್ನ ಕೇಳಿರ್ಲಿಲ್ಲ ಬಿಡು’ ಎಂದಳು. ಅದು ಸಮಾಧಾನವೋ ಆರೋಪವೋ ತಿಳಿಯಲಿಲ್ಲ.

ಹೆಣ್ಣು ನೋಡುವ ಪ್ರಸಂಗವೇ ಬರಲಿಲ್ಲ. ಅಂದು ನಾನು ಫೋನ್ ಇಟ್ಟುಬಿಟ್ಟಿದ್ದೆನಲ್ಲ, ಆ ಆಫೀಸಿನ ಹುಡುಗಿ ಇಷ್ಟು ವರ್ಷವೂ ಇದ್ದಳು. ಫೈಲು ಪೂರ್ತಿ ಓದಿದಳಂತೆ. ಅವಳ ಮನೆಯಲ್ಲಿ ಒಪ್ಪಿಸಲು ವರ್ಷ ಹಿಡಿಯಿತು. ‘ಕ್ಯಾನ್ಸರ್ ಅಂಟುತ್ತಾ, ಮಕ್ಕಳಿಗೆ ಬರುತ್ತಾ’ ಎಂಬ ಪ್ರಶ್ನೆಗಳು ಹೇಗೋ ಮುಗಿದವು. ಮಕ್ಕಳೇ ಆಗುವುದಿಲ್ಲ ಎಂಬಲ್ಲಿಗೆ ಅವಳ ತಂದೆ ಎದ್ದು ಹೋಗಿದ್ದರು. 2023ರ ಆರಂಭದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆ. ನನ್ನನ್ನು ಕರೆದಿದ್ದ. ಸಾಕ್ಷಿಯ ಸಹಿಗೆ ಅತ್ತಿಗೆಯನ್ನು ಕರೆದ.

ಈಗ ನಾನು ಆ ಪಾಠವನ್ನು ಮಾಡುತ್ತೇನೆ, ಪೂರ್ತಿ. ಇದರಿಂದ ಏನೋ ತೀರಿತು ಎಂದು ಹೇಳುತ್ತಿಲ್ಲ. ಪರಿಚಯದವರಲ್ಲಿ ಹರೆಯದವರಿಗೆ ಕ್ಯಾನ್ಸರ್ ಎಂದು ಕೇಳಿದರೆ ಫೋನ್ ಮಾಡಿ, ಕೀಮೋಗೆ ಮುಂಚೆ ಡಾಕ್ಟರನ್ನು ಇದೊಂದು ಕೇಳಿ ಎನ್ನುತ್ತೇನೆ. ಗಂಡುಮಕ್ಕಳಿಗೆ ಒಂದೆರಡು ದಿನ ಸಾಕು. ಹೆಣ್ಣುಮಕ್ಕಳ ಅಂಡಾಣು ತೆಗೆದಿಡಲು ಎರಡು ವಾರದಷ್ಟು ಇಂಜೆಕ್ಷನ್ ಬೇಕು, ಖರ್ಚೂ ಹೆಚ್ಚು. ರಕ್ತದ ಕ್ಯಾನ್ಸರಿನಂಥ ಅವಸರದಲ್ಲಿ ಕೆಲವೊಮ್ಮೆ ಆಗುವುದೇ ಇಲ್ಲ. ಆಗದಿದ್ದರೂ ಅವರಿಗೆ ತಿಳಿದಿರಲಿ. ‘ನಮ್ಮ ಹುಡುಗನಿಗೆ ಇದನ್ನೆಲ್ಲ ಹೇಗೆ ಹೇಳೋದು ಸಾರ್?’ ಎಂದು ಒಬ್ಬ ತಂದೆ ಕೇಳಿದರು. ನೀವು ಹೇಳಬೇಡಿ, ಡಾಕ್ಟರು ಹೇಳುವಾಗ ನೀವು ಆಚೆ ಹೋಗಿ ಕೂತ್ಕೊಳ್ಳಿ ಎಂದೆ. ಅವರಿಗೆ ಅಷ್ಟು ಹಿಡಿಸಲಿಲ್ಲ. ಏನು ಮಾಡಿದರೋ ಗೊತ್ತಿಲ್ಲ.

ಇದನ್ನು ಬರೆಯಲೇ ಎಂದು ತಮ್ಮನನ್ನು ಕೇಳಿದೆ. ಹೆಸರು ಬೇಡ, ಆಸ್ಪತ್ರೆ ಬೇಡ, ಮತ್ತೆ ‘ಈಗ ಎಲ್ಲ ಸರಿಹೋಗಿದೆ ಅಂತ ಬರೀಬೇಡ’ ಎಂದ. ಸರಿಹೋಗಿಲ್ಲ. ಮನೆಗೆ ಬರುತ್ತಾನೆ, ನನ್ನ ಮಗಳ ಜೊತೆ ಕ್ಯಾರಂ ಆಡುತ್ತಾನೆ, ನನ್ನ ಜೊತೆ ಕೊಬ್ಬರಿ ರೇಟಿನ ಬಗ್ಗೆ ಮಾತಾಡುತ್ತಾನೆ.

ಇಬ್ಬರೂ ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದಾರೆ. ದಂಪತಿಗಳಾದರೆ ಮದುವೆಯಾಗಿ ಕನಿಷ್ಠ ಎರಡು ವರ್ಷ ಸಂಸಾರ ನಡೆಸಿರಬೇಕು, ಜೀವಕ್ಕೆ ಅಪಾಯವಿರುವಂಥ ಕಾಯಿಲೆ ಇರಬಾರದು ಎಂದು ನಿಯಮ. ಎರಡು ವರ್ಷವೇನೋ ಆಗಿದೆ. ಎರಡನೆಯದಕ್ಕೆ ಕ್ಯಾನ್ಸರ್ ಡಾಕ್ಟರಿಂದ ಪತ್ರ ತರಬೇಕಿತ್ತು. ಫೈಲು ಈಗ ಅವನ ಬೀರುವಿನಲ್ಲೇ ಇರುತ್ತದೆ. ಹೋದ ತಿಂಗಳು ಗಂಡ ಹೆಂಡತಿ ಹೋಗಿ ಬಂದರು. ರಾತ್ರಿ ತಡೆಯಲಾರದೆ ಫೋನ್ ಮಾಡಿ, ಡಾಕ್ಟರು ಏನೆಂದರು ಎಂದು ಕೇಳಿದೆ.

‘ಹೇಳ್ತೀನಿ ಅಣ್ಣ. ನಾವಿಬ್ರೂ ಇನ್ನೂ ಮಾತಾಡ್ಕೋಬೇಕು, ಆಮೇಲೆ’ ಎಂದ.

ಆಯ್ತು ಎಂದು ಇಟ್ಟೆ. ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ.